ಹಾಟ್ ಪಾಟ್‌ಗೆ ಹೋಗ್ತಿದ್ದೀರಾ? ಸಾರು ಆರಿಸುವುದರಿಂದ ಬಿಲ್ ಕೊಡುವವರೆಗೆ

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್, ಕುಪರ್ಟಿನೊ, ಫ್ರೀಮಾಂಟ್ ಕಡೆ ಕೆಲಸ ಮಾಡುವ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಈ ಕರೆ ಬಂದೇ ಬರುತ್ತದೆ. ಟೀಮಿನ ಚೀನೀ ಗೆಳೆಯರು "ಈ ಶುಕ್ರವಾರ ಹಾಟ್ ಪಾಟ್‌ಗೆ ಹೋಗೋಣ್ವಾ?" ಅಂತ ಕೇಳುತ್ತಾರೆ. ಬಹಳ ಕಡೆ ತಲೆಗೆ ಇಷ್ಟು ಡಾಲರ್ ಅಂತ ಕೊಟ್ಟರೆ ಆಯ್ತು, ಎಷ್ಟು ಬೇಕಾದರೂ ತಿನ್ನಬಹುದು. ಹೋಗಿ ಕೂತರೆ ಮೇಜಿನ ಮಧ್ಯೆ ಕುದಿಯುವ ಪಾತ್ರೆ, ಸುತ್ತ ಹಸಿ ಮಾಂಸ, ಸೊಪ್ಪು, ಅಣಬೆ, ತೋಫು (ಸೋಯಾ ಹಾಲಿನ ಪನೀರ್). ಬೇಯಿಸುವವರು ನೀವೇ.

ಬಫೆ ಅಂದುಕೊಂಡು ಹೋದವರಿಗೆ ಇಲ್ಲಿ ತೊಂದರೆ. ಬಫೆಯಲ್ಲಿ ಒಂದು ತಟ್ಟೆ ಮುಗಿದರೆ ಅದರ ಕಥೆ ಮುಗಿಯಿತು. ಹಾಟ್ ಪಾಟ್‌ನಲ್ಲಿ ಮೊದಲು ಹಾಕಿದ್ದರ ರುಚಿ ಸಾರಿನಲ್ಲೇ ಉಳಿದು, ಆಮೇಲೆ ಹಾಕಿದ್ದಕ್ಕೆಲ್ಲ ಹತ್ತುತ್ತದೆ. ಮೊದಲ ಹತ್ತು ನಿಮಿಷಕ್ಕೇ ನೂಡಲ್ಸ್ ಸುರಿದರೆ ಕೊನೆಯವರೆಗೂ ಗಂಜಿಯಂಥ ಸಾರಿನಲ್ಲೇ ತಿನ್ನಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

1. ಹೋಗುವ ಮುಂಚೆ

ಮೊದಲು ಆ ಹೋಟೆಲ್‌ನಲ್ಲಿ ಅನ್‌ಲಿಮಿಟೆಡ್ ಊಟ ಇದೆಯಾ ಅಂತ ನೋಡಿ. ಎಲ್ಲ ಹಾಟ್ ಪಾಟ್ ಹೋಟೆಲ್‌ಗಳಲ್ಲೂ ಇರುವುದಿಲ್ಲ. 1994ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಶುರುವಾಗಿ ಈಗ ದೇಶ ದೇಶಗಳಲ್ಲಿ ಶಾಖೆಗಳಿರುವ ಹೈದಿಲಾವ್ ಹೆಸರು ಎಲ್ಲರೂ ಕೇಳಿರುತ್ತೀರಿ. ಅಲ್ಲಿ ಸಾಮಾನ್ಯವಾಗಿ ಪ್ಲೇಟಿನ ಲೆಕ್ಕದಲ್ಲೇ ಬಿಲ್. ಅನ್‌ಲಿಮಿಟೆಡ್ ಅಂದುಕೊಂಡು ಆರ್ಡರ್ ಮಾಡುತ್ತಾ ಹೋದರೆ ಜೇಬು ಸುಡುತ್ತದೆ.

ಅನ್‌ಲಿಮಿಟೆಡ್ ಇರುವ ಕಡೆ ನಿಯಮಗಳು ಹೆಚ್ಚುಕಡಿಮೆ ಒಂದೇ. ಮೇಜಿನಲ್ಲಿ ಕೂತವರೆಲ್ಲ ಅದೇ ಪ್ಲಾನ್ ತೆಗೆದುಕೊಳ್ಳಬೇಕು. ಸಮಯದ ಮಿತಿ ಇರುತ್ತದೆ, 90 ನಿಮಿಷ ಅಥವಾ 2 ಗಂಟೆ. ಮುಗಿಯುವುದಕ್ಕೆ ಸ್ವಲ್ಪ ಮುಂಚೆಯೇ ಕೊನೆಯ ಆರ್ಡರ್ ಅಂತಾರೆ. ಮಕ್ಕಳಿಗೆ ವಯಸ್ಸು ನೋಡಿ, ಕೆಲವು ಕಡೆ ಎತ್ತರ ನೋಡಿ, ರೇಟು. ವಾರದ ದಿನಗಳ ಮಧ್ಯಾಹ್ನ ಕಡಿಮೆ, ವಾರಾಂತ್ಯದ ರಾತ್ರಿ ಜಾಸ್ತಿ. ಸಾರಿಗೆ ಪ್ರತ್ಯೇಕ ದುಡ್ಡು ಇದೆಯಾ, ಸೀಗಡಿ, ಏಡಿ ಬೇಕಾದರೆ ಮೇಲಿನ ಪ್ಲಾನ್ ತೆಗೆದುಕೊಳ್ಳಬೇಕಾ, ಇವೆರಡನ್ನು ಕೂರುವ ಮುಂಚೆಯೇ ಕೇಳಿಕೊಳ್ಳಿ.

ತಟ್ಟೆಯಲ್ಲಿ ತುಂಬಾ ಬಿಟ್ಟರೆ ದಂಡ ಅಂತ ಗೋಡೆಯ ಮೇಲೆ ಬರೆದಿರುತ್ತಾರೆ. ಸುಮ್ನೆ ಹೆದರಿಸುವುದಕ್ಕೆ ಅಂದುಕೊಳ್ಳಬೇಡಿ, ತೂಕ ಹಾಕಿ ಬಿಲ್ಲಿಗೆ ಸೇರಿಸುವವರು ಇದ್ದಾರೆ. ಚೀನಾದಲ್ಲಂತೂ 2021ರ ಏಪ್ರಿಲ್‌ನಲ್ಲಿ ಆಹಾರ ಪೋಲು ಮಾಡುವುದರ ವಿರುದ್ಧ ಕಾನೂನೇ ಬಂತು. ಅತಿಯಾಗಿ ಬಿಟ್ಟೇಳುವ ಗಿರಾಕಿಯಿಂದ ಹೋಟೆಲ್‌ನವರು ದುಡ್ಡು ತೆಗೆದುಕೊಳ್ಳಬಹುದು ಅಂತ ಅದರಲ್ಲಿದೆ. ಹೊಟ್ಟೆ ಬಿರಿಯುವಷ್ಟು ತಿಂದು ತೋರಿಸುವ ವಿಡಿಯೊಗಳನ್ನು ಹಬ್ಬಿಸುವವರಿಗೂ 1 ಲಕ್ಷ ಯುವಾನ್‌ವರೆಗೆ ದಂಡ ಇದೆ.

ಬಟ್ಟೆ ವಿಚಾರ ಒಂದೇ ಮಾತು: ಒಗೆಯಲು ಸುಲಭವಾದದ್ದು ಹಾಕಿಕೊಂಡು ಹೋಗಿ. ಸಾರಿನ ವಾಸನೆ ಜಾಕೆಟ್ಟಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ರೇಷ್ಮೆ ಸೀರೆ, ಬಿಳಿ ಅಂಗಿ ಬೇಡವೇ ಬೇಡ.

2. ಸಾರು ಆರಿಸುವುದು

ಕೂತ ತಕ್ಷಣ ಕೇಳುವ ಪ್ರಶ್ನೆ ಇದು. ಪಾತ್ರೆಯಲ್ಲಿ ಎರಡು ಭಾಗ ಇರುತ್ತದೆ, ಕೆಲವು ಕಡೆ ಮೂರು ನಾಲ್ಕು. ಮೊದಲ ಸಲ ಹೋಗುವವರು ಒಂದು ಖಾರದ್ದು, ಒಂದು ಸಪ್ಪೆಯದ್ದು ತೆಗೆದುಕೊಳ್ಳಿ. "ನಮಗೆ ಖಾರ ಹೊಸದಾ?" ಅಂತ ಎರಡನ್ನೂ ಕೆಂಪು ಮಾಡಿಕೊಂಡವರು ಅರ್ಧ ಗಂಟೆಗೇ ನೀರಿನ ಜಗ್ ಹುಡುಕುತ್ತಿರುತ್ತಾರೆ.

ಕೆಂಪು ಸಾರಿನ ತವರು ಚೊಂಗ್‌ಚಿಂಗ್ ಮತ್ತು ಸಿಚುವಾನ್. ಚೊಂಗ್‌ಚಿಂಗ್ ಊರು ಯಾಂಗ್‌ಟ್ಸಿ, ಜ್ಯಾಲಿಂಗ್ ನದಿಗಳು ಸೇರುವ ಜಾಗದಲ್ಲಿದೆ. ಅಲ್ಲಿನ ದೋಣಿಯವರು, ಹಮಾಲಿಗಳು ಅಗ್ಗಕ್ಕೆ ಸಿಗುವ ಬೋಟಿಯಂಥ ಮಾಂಸವನ್ನು ಖಾರದ ಸಾರಿನಲ್ಲಿ ಅದ್ದಿ ತಿನ್ನುತ್ತಿದ್ದರು, ಅದರಿಂದಲೇ ಈ ಊಟ ಬೆಳೆಯಿತು ಅಂತ ಹೇಳುತ್ತಾರೆ. ಇವತ್ತಿಗೂ ಅಲ್ಲಿ ಬೋಟಿಗೇ ಮೊದಲ ಮರ್ಯಾದೆ.

ಈ ಸಾರಿನಲ್ಲಿ ಒಣಮೆಣಸಿನಕಾಯಿ ಜತೆಗೆ ಸಿಚುವಾನ್ ಮೆಣಸು ಇರುತ್ತದೆ. ಹೆಸರಿಗೆ ಮೆಣಸು, ಆದರೆ ನಮ್ಮ ಕಾಳುಮೆಣಸಿಗೂ ಅದಕ್ಕೂ ಸಂಬಂಧ ಇಲ್ಲ. ಕರಾವಳಿಯ ಕೊಂಕಣಿಗರು ಬಂಗುಡೆ ಸಾರಿಗೆ ಹಾಕುವ ತೆಪ್ಪಳ ಗೊತ್ತಲ್ವಾ, ಕನ್ನಡದಲ್ಲಿ ಜುಮ್ಮನಕಾಯಿ ಅಂತಾರಲ್ಲ, ಅದೂ ಇದೂ ಒಂದೇ ಜಾತಿಯ ಗಿಡಗಳು. ಬಾಯಿ ಜುಮ್ಮೆನ್ನುವುದು ಎರಡರಲ್ಲೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2013ರಲ್ಲಿ ಇದನ್ನು ಅಳೆದೂ ನೋಡಿದರು. ತುಟಿಗೆ ಸೆಕೆಂಡಿಗೆ 50 ಸಲ ನಡುಗಿದ ಹಾಗೆ ಅನಿಸುತ್ತದಂತೆ. ಖಾರ ಮತ್ತು ಈ ಜುಮ್ಮು ಸೇರಿದರೆ ಬಾಯಿ ಮರಗಟ್ಟುತ್ತದೆ, ಆಗ ಎಷ್ಟು ಖಾರ ತಿಂದೆವು ಅನ್ನೋದೇ ಗೊತ್ತಾಗುವುದಿಲ್ಲ. ಅದಕ್ಕೇ ಖಾರದ ಮಟ್ಟ ಕೇಳಿದಾಗ "ಕಡಿಮೆ" ಅನ್ನಿ. ಮುಂದಿನ ಸಲ ಏರಿಸಿಕೊಂಡರಾಯ್ತು.

ಸಪ್ಪೆ ಸಾರುಗಳಲ್ಲಿ ಟೊಮೆಟೊ, ಅಣಬೆ, ಮೂಳೆ ಸಾರು ಸಾಮಾನ್ಯ. ನನ್ನ ಮತ ಟೊಮೆಟೊಗೆ. ಹುಳಿ ಇರುವುದರಿಂದ ಖಾರದ ನಡುವೆ ನಾಲಿಗೆಗೆ ಬಿಡುವು ಸಿಗುತ್ತದೆ. ಅದು ಕುದಿ ಬಂದ ಕೂಡಲೇ, ಏನೂ ಹಾಕುವ ಮುಂಚೆ, ಅರ್ಧ ಬಟ್ಟಲು ತೆಗೆದು ಕೊತ್ತಂಬರಿ, ಈರುಳ್ಳಿ ಸೊಪ್ಪು ಉದುರಿಸಿ ಕುಡಿಯಿರಿ. ಆಮೇಲೆ ಆ ರುಚಿ ಸಿಗುವುದಿಲ್ಲ. ಬೀಜಿಂಗ್ ಕಡೆಯ ಪದ್ಧತಿ ಇನ್ನೂ ಸರಳ. 1903ರಲ್ಲಿ ಶುರುವಾದ ಅಲ್ಲಿನ ಡೊಂಗ್‌ಲೈಶುನ್ ಹೋಟೆಲ್ ಹೆಸರಾಗಿರುವುದು ಕುರಿ ಮಾಂಸಕ್ಕೆ. ಮಧ್ಯೆ ಕೊಳವೆ ಇರುವ ತಾಮ್ರದ ಪಾತ್ರೆ, ಒಳಗೆ ಇದ್ದಿಲ ಕೆಂಡ, ಸಾರು ಬರೀ ನೀರಿಗೆ ಶುಂಠಿ, ಈರುಳ್ಳಿ ಸೊಪ್ಪು ಹಾಕಿದ್ದು. ರುಚಿಯೆಲ್ಲ ಮಾಂಸದ್ದು ಮತ್ತು ಸಾಸಿನದ್ದು.

3. ಸಸ್ಯಾಹಾರಿಗಳು, ದನ-ಹಂದಿ ತಿನ್ನದವರು ಇದನ್ನು ಓದಿ

ಚೊಂಗ್‌ಚಿಂಗ್ ಶೈಲಿಯ ಕೆಂಪು ಸಾರಿನ ಮೇಲೆ ತೇಲುವ ಆ ಎಣ್ಣೆ ಬಹಳ ಕಡೆ ದನದ ಕೊಬ್ಬು. ಮೆಣಸಿನಕಾಯಿ ಮಾತ್ರ ಕಾಣುತ್ತದೆ, ಕೊಬ್ಬು ಕಾಣುವುದಿಲ್ಲ. ಅಡುಗೆ ಎಣ್ಣೆಯಲ್ಲಿ ಮಾಡಿದ ಕೆಂಪು ಸಾರೂ ಇರುತ್ತದೆ, ಕೇಳಿದರೆ ಹೇಳುತ್ತಾರೆ. ಬೆಳ್ಳಗಿನ ಸಾರು ಅಂದರೆ ಹಂದಿ ಅಥವಾ ಕೋಳಿ ಮೂಳೆ ಬೇಯಿಸಿದ್ದು. ಟೊಮೆಟೊ ಸಾರಿನ ಬುಡವೂ ಕೆಲವು ಕಡೆ ಅದೇ. ಅಣಬೆ ಸಾರು ಪರವಾಗಿಲ್ಲ ಅನಿಸುತ್ತದೆ, ಆದರೆ ಅದಕ್ಕೂ ಚಿಕನ್ ಪೌಡರ್ ಹಾಕುವುದುಂಟು.

"ವೆಜಿಟೇರಿಯನ್ನಾ?" ಅಂತ ಕೇಳಿದರೆ ಸಾಲದು. ಸಾರಿನಲ್ಲಿ ತರಕಾರಿ ಮಾತ್ರ ತೇಲುತ್ತಿದ್ದರೆ ಹೌದು ಅಂದುಬಿಡುತ್ತಾರೆ. ದನದ ಕೊಬ್ಬು, ಮೂಳೆ, ಚಿಕನ್ ಪೌಡರ್, ಸೀಗಡಿ ಪುಡಿ, ಆಯ್ಸ್ಟರ್ ಸಾಸ್, ಹೀಗೆ ಒಂದೊಂದನ್ನೇ ಹೆಸರಿಟ್ಟು ಕೇಳಿ. ಫೋನಿನಲ್ಲಿ ಟೈಪ್ ಮಾಡಿ ಚೀನೀ ಭಾಷೆಗೆ ಬದಲಿಸಿ ತೋರಿಸಿದರೆ ಇನ್ನೂ ಒಳ್ಳೆಯದು. ಬೌದ್ಧ ಸಸ್ಯಾಹಾರ ಚೀನೀಯರಿಗೆ ಚೆನ್ನಾಗಿ ಗೊತ್ತು. ಅದರಲ್ಲಿ ಮಾಂಸದ ಜತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಳಸದವರು ಆ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಸಾರು ಕುದಿದು ಇಳಿದಾಗ ಸಿಬ್ಬಂದಿ ಒಂದು ಜಗ್ ತಂದು ಸುರಿದು ಹೋಗುತ್ತಾರೆ. ಆ ಜಗ್‌ನಲ್ಲಿ ಮೂಳೆ ಸಾರು ಇರಬಹುದು. "ನಮ್ಮ ಪಾತ್ರೆಗೆ ಬರೀ ಬಿಸಿನೀರು" ಅಂತ ಮೊದಲೇ ಹೇಳಿಡಿ. ಎರಡು ಭಾಗದ ಪಾತ್ರೆಯಲ್ಲಿ ಜೋರಾಗಿ ಕುದಿಯುವಾಗ ಈ ಕಡೆಯದ್ದು ಆ ಕಡೆಗೆ ಹಾರುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಕಟ್ಟುನಿಟ್ಟಿನವರಿಗೆ ಒಬ್ಬೊಬ್ಬರಿಗೂ ಪ್ರತ್ಯೇಕ ಸಣ್ಣ ಪಾತ್ರೆ ಇಡುವ ಹೋಟೆಲ್ಲೇ ಸರಿ.

ದನ ಅಥವಾ ಹಂದಿ ಮಾತ್ರ ಬಿಡುವವರಿಗೆ ಬೇರೆ ಎಚ್ಚರಿಕೆ. ಸುರುಳಿ ಸುತ್ತಿದ ದನದ ಮಾಂಸ, ಕುರಿ ಮಾಂಸ ನೋಡಲು ಒಂದೇ ಥರ ಇರುತ್ತವೆ, ತಟ್ಟೆ ಬಂದಾಗ ಯಾವುದು ಯಾವುದು ಅಂತ ಕೇಳಿ. ಲಂಚನ್ ಮೀಟ್, ಸಾಸೇಜ್, ಡಂಪ್ಲಿಂಗ್ ಹೆಚ್ಚಾಗಿ ಹಂದಿ. ಚೀನಾದ ಫೂಜೌ ಊರಿನ ಶೈಲಿಯ ಮೀನುಂಡೆಯ ಹೊಟ್ಟೆಯೊಳಗೂ ಹಂದಿ ಕೈಮಾ ಇರುತ್ತದೆ. ಏಡಿ ಕಡ್ಡಿ ಅಂತ ಕೊಡುವುದು ಮೀನಿನದ್ದು. ಫಿಶ್ ತೋಫು ಅನ್ನುವುದೂ ಮೀನೇ, ತೋಫು ಅಂತ ಸಸ್ಯಾಹಾರಿಗಳು ಎತ್ತಿಕೊಳ್ಳಬೇಡಿ.

ಪೂರ್ತಿ ಸಸ್ಯಾಹಾರಿಗಳಿಗೆ ಅನ್‌ಲಿಮಿಟೆಡ್ ಲಾಭವಾ? ದುಡ್ಡಿನ ಲೆಕ್ಕದಲ್ಲಿ ಇಲ್ಲ. ಮಾಂಸ ತಿನ್ನುವವರಷ್ಟೇ ರೇಟು ಕೊಡಬೇಕು. ಗೆಳೆಯರ ಜತೆ ಕೂರುವ ಖುಷಿಗೆ ಹೋಗುವುದಾದರೆ ಮಧ್ಯಾಹ್ನದ ರೇಟಿಗೆ ಹೋಗಿ.

4. ಮೊದಲ ಆರ್ಡರ್

ಸಾರು ಕುದಿಯಲು ಹತ್ತು ಹದಿನೈದು ನಿಮಿಷ ಬೇಕು, ಗಡಿಯಾರ ಆಗಲೇ ಓಡುತ್ತಿರುತ್ತದೆ. ಹಾಗಾಗಿ ಕೂತ ಕೂಡಲೇ ಆರ್ಡರ್ ಕೊಟ್ಟು, ಆಮೇಲೆ ಸಾಸ್ ಮಾಡಿಕೊಳ್ಳಲು ಏಳಿ. ಆರ್ಡರ್ ಅಂದರೆ ಟ್ಯಾಬ್ಲೆಟ್, ಕ್ಯೂಆರ್ ಕೋಡ್ ಅಥವಾ ಟಿಕ್ ಹಾಕುವ ಚೀಟಿ.

ನಾಲ್ಕು ಜನರಿಗೆ ಮೊದಲ ಸುತ್ತಿಗೆ ಮೂರು ತಟ್ಟೆ ಮಾಂಸ, ಒಂದೊಂದು ತಟ್ಟೆ ತೋಫು, ಅಣಬೆ, ಸೊಪ್ಪು, ಗೆಡ್ಡೆ ಸಾಕು. ಮೇಜು ತುಂಬಿದರೆ ನೋಡಲು ಚೆಂದ, ಆದರೆ ಹೆಪ್ಪುಗಟ್ಟಿಸಿ ಕೊಯ್ದ ಮಾಂಸ ಕರಗಿ ನೀರು ಬಿಟ್ಟು ಅಂಟಿಕೊಳ್ಳುತ್ತದೆ. ಅರ್ಧ ಖಾಲಿಯಾದಾಗ ಮುಂದಿನ ಸುತ್ತು ಹೇಳಿ. ಶನಿವಾರ ರಾತ್ರಿ ಅಡುಗೆಮನೆ ನಿಧಾನ, ಆಗ ಇನ್ನೂ ಸ್ವಲ್ಪ ಮುಂಚೆ. ಸ್ಪ್ರಿಂಗ್ ರೋಲ್, ಫ್ರೈಡ್ ರೈಸ್ ಕೂಡ ಮೆನುವಿನಲ್ಲಿ ಇಟ್ಟಿರುತ್ತಾರೆ. ಅವು ಬೇಗ ಹೊಟ್ಟೆ ತುಂಬಿಸುವುದಕ್ಕೆ ಇರುವವು. ಮುಟ್ಟದಿದ್ದರೆ ಒಳ್ಳೆಯದು.

5. ಸಾಸ್ ಕಟ್ಟೆ

ಇಪ್ಪತ್ತು ಬಟ್ಟಲು ಸಾಲಾಗಿ ಇಟ್ಟಿರುತ್ತಾರೆ. ಎಲ್ಲದರಿಂದ ಒಂದೊಂದು ಚಮಚ ಹಾಕಿದರೆ ಯಾವುದರ ರುಚಿಯೂ ಇರುವುದಿಲ್ಲ. ಮೂರು ದಾರಿ ಹೇಳುತ್ತೇನೆ.

ಕೆಂಪು ಸಾರಿಗೆ ಸಿಚುವಾನ್‌ನವರು ಮಾಡುವುದು ತೀರಾ ಸರಳ: ಎರಡು ಮೂರು ಚಮಚ ಎಳ್ಳೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಒಂದು ಚಮಚ, ಚಿಟಿಕೆ ಉಪ್ಪು, ಕೊತ್ತಂಬರಿ, ಬೇಕಾದರೆ ಎರಡು ಹನಿ ವಿನೆಗರ್. ಖಾರದ ಮೇಲೆ ಮತ್ತೆ ಎಣ್ಣೆಯಾ ಅಂತ ಅನಿಸಬಹುದು. ಕುದಿಯುವ ಸಾರಿನಿಂದ ತೆಗೆದ ತುಂಡು ಆ ತಣ್ಣನೆ ಎಣ್ಣೆಯಲ್ಲಿ ಆರುತ್ತದೆ, ಖಾರವೂ ಸ್ವಲ್ಪ ತಗ್ಗುತ್ತದೆ. ಅಲ್ಲಿರುವ ಎಳ್ಳೆಣ್ಣೆ ಹುರಿದ ಎಳ್ಳಿನದ್ದು, ನಮ್ಮ ಗಾಣದ ಎಣ್ಣೆಗಿಂತ ಘಮ ಜಾಸ್ತಿ.

ಕುರಿ ಮಾಂಸಕ್ಕೆ ಬೀಜಿಂಗ್ ಶೈಲಿ: ಎಳ್ಳಿನ ಪೇಸ್ಟನ್ನು ಬಿಸಿ ಸಾರಿನಲ್ಲಿ ಕದಡಿ ತೆಳ್ಳಗೆ ಮಾಡಿ, ಹುದುಗಿಸಿದ ತೋಫು ಅರ್ಧ ಚಮಚ, ಸ್ವಲ್ಪ ಸೋಯಾ ಸಾಸ್. ತರಕಾರಿ, ತೋಫುವಿಗೆ ನಾನು ಮಾಡಿಕೊಳ್ಳುವುದು ಸೋಯಾ ಸಾಸ್, ಕಪ್ಪು ವಿನೆಗರ್, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಪುಡಿ ಮಾಡಿದ ಕಡಲೆಕಾಯಿ ಬೀಜ. ಶಾಚಾ ಅನ್ನುವ ಕಂದು ಸಾಸಿನಲ್ಲಿ ಒಣಮೀನು, ಒಣಸೀಗಡಿ ಇದೆ. ಕಡಲೆಕಾಯಿ, ಎಳ್ಳಿನ ಅಲರ್ಜಿ ಇರುವವರು ಈ ಕಟ್ಟೆಯಿಂದ ದೂರ ಇರಿ. ಚಮಚಗಳು ಬಟ್ಟಲಿಂದ ಬಟ್ಟಲಿಗೆ ಓಡಾಡುತ್ತಿರುತ್ತವೆ.

6. ಬೇಯಿಸುವುದು

ಮೊದಲು ಸಾರಿಗೆ ರುಚಿ ಕೊಡುವ, ನಿಧಾನ ಬೇಯುವ ವಸ್ತುಗಳು: ಮೂಲಂಗಿ, ಮುಸುಕಿನ ಜೋಳ, ಶೀಟಾಕೆ ಅಣಬೆ, ಗಟ್ಟಿ ತೋಫು. ಇವು ಹತ್ತು ನಿಮಿಷ ಒಂದು ಮೂಲೆಯಲ್ಲಿ ಕುದಿಯುತ್ತಿರಲಿ. ಆಮೇಲೆ ಮಾಂಸ. ಅದಾದ ಮೇಲೆ ಸೀಗಡಿ, ಮೀನುಂಡೆ. ನಡುನಡುವೆ ಸೊಪ್ಪು. ಆಲೂಗಡ್ಡೆ, ಕೆಸುವಿನ ಗೆಡ್ಡೆ, ಸಿಹಿಗುಂಬಳ ಕರಗಿ ಸಾರನ್ನು ಗಟ್ಟಿ ಮಾಡುತ್ತವೆ, ಅವು ತಡವಾಗಿ. ನೂಡಲ್ಸ್ ಎಲ್ಲಕ್ಕಿಂತ ಕೊನೆಗೆ.

ತೆಳ್ಳಗಿನ ಮಾಂಸದ ಸುರುಳಿಗಳನ್ನು ತಟ್ಟೆ ಸಮೇತ ಬಗ್ಗಿಸಬೇಡಿ. ಸಾರು ತಣ್ಣಗಾಗಿ ಕುದಿ ನಿಲ್ಲುತ್ತದೆ, ಮಾಂಸ ಒಂದಕ್ಕೊಂದು ಅಂಟುತ್ತದೆ. ಒಂದು ತುಂಡನ್ನು ಚಾಪ್‌ಸ್ಟಿಕ್‌ನಲ್ಲಿ ಹಿಡಿದು, ಕುದಿ ಏಳುವ ಜಾಗದಲ್ಲಿ ಅದ್ದಿ ಆಚೀಚೆ ಆಡಿಸಿ. ಮೊದಲು ಅಂಚು ಸುಕ್ಕಾಗುತ್ತದೆ, ಆಮೇಲೆ ಕೆಂಪು ಬಣ್ಣ ಅಂಚಿನಿಂದ ಒಳಗೆ ಸರಿಯುತ್ತಾ ಬೂದು ಬಣ್ಣವಾಗುತ್ತದೆ. ನಡುವೆ ಉಳಿದ ಕೊನೆಯ ಕೆಂಪು ಹೋದ ಕೂಡಲೇ ತೆಗೆಯಿರಿ. ಹದಿನೈದು ಇಪ್ಪತ್ತು ಸೆಕೆಂಡಿನ ಕೆಲಸ. ಒಂದು ನಿಮಿಷ ಬಿಟ್ಟರೆ ರಬ್ಬರು. ಬೋಟಿಗೆ ಚೊಂಗ್‌ಚಿಂಗ್‌ನವರ ಲೆಕ್ಕ "ಏಳು ಸಲ ಮೇಲೆ, ಎಂಟು ಸಲ ಕೆಳಗೆ". ಸಾರಿನಲ್ಲಿ ಅದ್ದುವುದು, ಎತ್ತುವುದು, ಸುಮಾರು 15 ಸೆಕೆಂಡು.

ಬೇರೆಯವುಗಳಿಗೆ ಅಂದಾಜು ಹೇಳುತ್ತೇನೆ, ಕುದಿಯುವ ಸಾರಿನ ಲೆಕ್ಕದಲ್ಲಿ. ಪಾಲಕ್, ಬಟಾಣಿ ಚಿಗುರು ಅರ್ಧ ನಿಮಿಷ. ನಾಪಾ ಕ್ಯಾಬೇಜ್ ಎರಡು ಮೂರು. ಸೀಗಡಿ ಪೂರ್ತಿ ಗುಲಾಬಿ ಬಣ್ಣ ಆಗುವವರೆಗೆ, ಎರಡು ಮೂರು ನಿಮಿಷ. ಹೋಳು ಮಾಡಿದ ತಾವರೆ ಬೇರು, ಆಲೂಗಡ್ಡೆ ನಾಲ್ಕೈದು. ಮೀನುಂಡೆ ತೇಲಿದ ಮೇಲೂ ಒಂದು ನಿಮಿಷ ಬಿಡಿ. ಕೆಸುವಿನ ಗೆಡ್ಡೆ ಅರೆಬೆಂದರೆ ಗಂಟಲು ಕೆರೆಯುತ್ತದೆ ಅನ್ನೋದು ನಮ್ಮವರಿಗೆ ಹೇಳಬೇಕಾಗಿಲ್ಲ. ಕೋಳಿ ಮಾಂಸಕ್ಕೆ ಆತುರ ಬೇಡ, ಕತ್ತರಿಸಿ ನೋಡಿ ಒಳಗೆ ಗುಲಾಬಿ ಇದ್ದರೆ ಮತ್ತೆ ಪಾತ್ರೆಗೆ. ದಾರದಂತೆ ತೆಳ್ಳಗಿರುವ ಎನೊಕಿ ಅಣಬೆಯನ್ನೂ ಚೆನ್ನಾಗಿ ಬೇಯಿಸಿ. ಅಮೆರಿಕದಲ್ಲಿ 2020ರಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹಬ್ಬಿದಾಗ ಮೂಲ ಸಿಕ್ಕಿದ್ದು ಹೊರದೇಶದಿಂದ ಬಂದ ಎನೊಕಿಯಲ್ಲಿ.

ಸಸ್ಯಾಹಾರಿಗಳು ಬಿಡಬಾರದ್ದು ಎರಡು. ಒಂದು, ಹೆಪ್ಪುಗಟ್ಟಿಸಿ ಕರಗಿಸಿದ ತೋಫು. ಒಳಗೆಲ್ಲ ತೂತು ಬಿದ್ದು ಸಾರು ಹೀರಿಕೊಂಡಿರುತ್ತದೆ. ಕಚ್ಚುವಾಗ ಹುಷಾರು, ಬಿಸಿ ಸಾರು ಬಾಯಿಗೆ ಚಿಮ್ಮುತ್ತದೆ. ಇನ್ನೊಂದು, ಕರಿದ ಸೋಯಾ ಹಾಳೆಯ ಸುರುಳಿ. ಮೂರೇ ಸೆಕೆಂಡು ಅದ್ದಬೇಕು. ಹೊರಗೆ ಮೆತ್ತಗಾಗಿ ಒಳಗೆ ಗರಿಗರಿ ಇರುವಾಗಲೇ ತಿನ್ನಬೇಕು.

ಮಾಂಸ ಬೇಯುವಾಗ ಬೂದು ನೊರೆ ಏಳುತ್ತದೆ. ಸೌಟಿನಲ್ಲಿ ತೆಗೆದು ಖಾಲಿ ಬಟ್ಟಲಿಗೆ ಹಾಕುತ್ತಿರಿ, ಸಾರು ತಿಳಿಯಾಗಿ ಉಳಿಯುತ್ತದೆ. ಒಲೆಯ ನಾಬ್ ಮೇಜಿನ ಅಂಚಿನಲ್ಲೇ ಇರುತ್ತದೆ. ಹಾಕುವಾಗ ಏರಿಸಿ, ತಿನ್ನುವಾಗ ಇಳಿಸಿ. ಮಕ್ಕಳನ್ನು ಪಾತ್ರೆಗೆ ಕೈ ಎಟುಕದ ಕಡೆ ಕೂರಿಸಿ.

7. ಎಂಜಲಿನ ಪ್ರಶ್ನೆ

ನಮ್ಮವರಿಗೆ ಮುಜುಗರ ಆಗುವುದು ಇಲ್ಲೇ. ಎಲ್ಲರೂ ಬಾಯಿಗಿಟ್ಟ ಚಾಪ್‌ಸ್ಟಿಕ್ ಅದೇ ಪಾತ್ರೆಗೆ ಹೋಗುತ್ತಾ ಅಂತ. ಹೋಗಬೇಕಾಗಿಲ್ಲ. ಹಸಿ ಮಾಂಸ ಹಾಕಲು, ಬೆಂದದ್ದು ತೆಗೆಯಲು ಬೇರೆ ಚಾಪ್‌ಸ್ಟಿಕ್ ಅಥವಾ ಚಿಮಟ ಕೊಡುತ್ತಾರೆ, ಕೊಡದಿದ್ದರೆ ಕೇಳಿ. ಚೀನಾದಲ್ಲೇ 2020ರ ಕೊರೊನಾ ನಂತರ ಬಡಿಸುವುದಕ್ಕೆ ಬೇರೆ ಚಾಪ್‌ಸ್ಟಿಕ್ ಬಳಸಿ ಅಂತ ಸರ್ಕಾರದ ಪ್ರಚಾರ ಜೋರಾಗಿ ನಡೆಯಿತು. ಹಾಗಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಂಜಲು ಬಿಡಿ, ಹಸಿ ಕೋಳಿ ಮುಟ್ಟಿದ ಚಾಪ್‌ಸ್ಟಿಕ್ ಬಾಯಿಗೆ ಹೋಗುವುದು ಅದಕ್ಕಿಂತ ದೊಡ್ಡ ತೊಂದರೆ.

ಒಬ್ಬೊಬ್ಬರಿಗೆ ಒಂದು ಜಾಲರಿ ಸೌಟು ಸಿಕ್ಕಿದರೆ ಇನ್ನೂ ಸುಲಭ. ನಿಮ್ಮದನ್ನು ಅದರಲ್ಲಿಟ್ಟು ಅದ್ದಿ, ನಿಮ್ಮದೇ ಎತ್ತಿಕೊಳ್ಳಿ. ಬೇರೆಯವರ ಸೌಟಿಗೆ ಕೈ ಹಾಕಬೇಡಿ. ಜತೆಯಲ್ಲಿ ಹಿರಿಯರಿದ್ದರೆ ಮೊದಲ ತುಂಡು ಅವರ ಬಟ್ಟಲಿಗೆ. ಚೀನೀ ಗೆಳೆಯರು ಕೇಳದೇ ನಿಮ್ಮ ಬಟ್ಟಲಿಗೆ ಹಾಕಿದರೆ ಅದು ಆದರ. ತಿನ್ನದ ಪದಾರ್ಥವಾದರೆ ಮೊದಲೇ ನಗುತ್ತಾ ಹೇಳಿಬಿಡಿ. ಅನ್ನದ ಬಟ್ಟಲಿನಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬೇಡಿ, ಸತ್ತವರಿಗೆ ಊದುಬತ್ತಿ ಹಚ್ಚಿದಂತೆ ಕಾಣುತ್ತದೆ ಅವರಿಗೆ.

8. ಕುಡಿಯುವುದು, ಮುಗಿಸುವುದು

ಖಾರ ಹತ್ತಿದರೆ ಐಸ್ ನೀರಿನಿಂದ ಪ್ರಯೋಜನ ಕಡಿಮೆ. ಹಾಲು ಅಥವಾ ಸೋಯಾ ಹಾಲು ಕೇಳಿ. ಸ್ವಾನ್‌ಮೇಟಾಂಗ್ ಅನ್ನುವ ಹುಳಿ ಪ್ಲಮ್ ಪಾನಕ ಇದ್ದರೆ ಒಂದು ಲೋಟ ತೆಗೆದುಕೊಳ್ಳಿ. ಹೊಗೆಯಲ್ಲಿ ಒಣಗಿಸಿದ ಪ್ಲಮ್, ಜ್ಯೇಷ್ಠಮಧು ಹಾಕಿ ಮಾಡುತ್ತಾರೆ, ಎಣ್ಣೆಯ ಊಟಕ್ಕೆ ಹೊಂದುತ್ತದೆ. ಕೋಲಾ ಕುಡಿದು ಹೊಟ್ಟೆ ಉಬ್ಬಿಸಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ಕೊನೆಯ ಆರ್ಡರ್ ಕರೆದಾಗ ಮನಸ್ಸು ಕೆಡುತ್ತದೆ. ಇನ್ನೆರಡು ತಟ್ಟೆ ಹೇಳಿಬಿಡೋಣ ಅನಿಸುತ್ತದೆ. ಹೊಟ್ಟೆ ಕೇಳಿದರೆ ಮಾತ್ರ ಹೇಳಿ. ಉಳಿದ ಮಾಂಸವನ್ನು ಸಾರಿನೊಳಗೆ ಮುಳುಗಿಸಿ ಎದ್ದುಹೋಗುವ ಉಪಾಯ ಸಿಬ್ಬಂದಿಗೆ ಹೊಸದಲ್ಲ. ಪ್ಯಾಕ್ ಮಾಡಿಕೊಂಡು ಹೋಗಲೂ ಬಿಡುವುದಿಲ್ಲ. ಮುಗಿಸುವುದಕ್ಕೆ ಸ್ವಲ್ಪ ಗೆಣಸಿನ ನೂಡಲ್ಸನ್ನು ಸಪ್ಪೆ ಸಾರಿನಲ್ಲಿ ಬೇಯಿಸಿ. ಅಷ್ಟು ಹೊತ್ತಿಗೆ ಎಲ್ಲದರ ರುಚಿ ಅದರಲ್ಲಿ ಇಳಿದಿರುತ್ತದೆ, ಆ ಒಂದು ಬಟ್ಟಲಿಗೆ ಜಾಗ ಉಳಿಸಿಕೊಂಡವರೇ ಜಾಣರು. ಹಾಗಂತ ಆ ಸಾರನ್ನೇ ಲೋಟಗಟ್ಟಲೆ ಕುಡಿಯಬೇಡಿ, ಕುದಿದು ಕುದಿದು ಉಪ್ಪು, ಕೊಬ್ಬು ಎರಡೂ ಏರಿರುತ್ತವೆ. ಕೆಂಪು ಸಾರು ಕುಡಿಯುವುದಕ್ಕಲ್ಲ, ಅದ್ದುವುದಕ್ಕೆ.

ಬಿಲ್ ಬಂದಾಗ ಮೂರು ಸಾಲು ನೋಡಿ: ತಲೆ ಲೆಕ್ಕ, ಸಾರಿನ ದುಡ್ಡು, ಪಾನೀಯ. ಪಾನೀಯ ಬಹಳ ಕಡೆ ಅನ್‌ಲಿಮಿಟೆಡ್‌ನಲ್ಲಿ ಸೇರಿರುವುದಿಲ್ಲ. ಅದರ ಮೇಲೆ ಟ್ಯಾಕ್ಸ್. ಅಮೆರಿಕದಲ್ಲಿ ಟಿಪ್ಸೂ ಕೊಡಬೇಕು. ನಾವೇ ಬೇಯಿಸಿಕೊಂಡೆವಲ್ಲ ಅನ್ನಬೇಡಿ, ತಟ್ಟೆ ಹೊತ್ತು ತಂದವರು, ಸಾರು ತುಂಬಿದವರು ಅವರು. ನಾನು ಶೇ. 15 ಕೊಡುತ್ತೇನೆ. ಗುಂಪು ದೊಡ್ಡದಿದ್ದರೆ ಟಿಪ್ಸ್ ಅವರೇ ಸೇರಿಸಿರುತ್ತಾರೆ, ಗಮನಿಸದೆ ಇನ್ನೊಂದು ಸಲ ಬರೆಯಬೇಡಿ.